ಮಣ್ಣು, ಎಲೆ, ಹಳೇ ಕಾಗದ: ಪುಟ್ಟ ಮಕ್ಕಳ ಜೊತೆ ಒಂದಿಷ್ಟು ಕೈಕೆಲಸ

ನಮಸ್ಕಾರ. ಮೂರರಿಂದ ಏಳು ವರ್ಷದ ಮಕ್ಕಳ ಜೊತೆ ಕೂತು ಮಾಡುವಂಥ ಕೆಲಸಗಳು ಇವತ್ತಿನ ವಿಡಿಯೊದಲ್ಲಿವೆ. ಮಣ್ಣಿನಿಂದ ಬಣ್ಣ ತೆಗೆಯೋಣ, ಪೊದೆಯ ಕೆಳಗೆ ಬಟ್ಟೆ ಹಾಸಿ ಹುಳುಹುಪ್ಪಟೆ ನೋಡೋಣ, ಆಮೇಲೆ ಹಳೇ ಕಾಗದದಿಂದ ಹೊಸ ಕಾಗದ ಎತ್ತಿ ಅದರೊಳಗೆ ಬೀಜ ಕೂರಿಸೋಣ.

ಮೊದಲು ಸಾಮಾನಿನ ವಿಚಾರ. ಜೂನ್ 5, ವಿಶ್ವ ಪರಿಸರ ದಿನ ಬಂತೆಂದರೆ ಮಕ್ಕಳ ಕೈಗೆ ಥರ್ಮಾಕೋಲ್, ಗ್ಲಿಟರ್, ಬಿಸಿ ಅಂಟು ಕೊಟ್ಟು ಮರದ ಮಾದರಿ ಮಾಡಿಸುವುದುಂಟು. ಥರ್ಮಾಕೋಲ್ ಅಂದರೆ ಪಾಲಿಸ್ಟೈರೀನ್. ಗ್ಲಿಟರ್ ಬಹುಪಾಲು ಪಾಲಿಯೆಸ್ಟರ್ ಹಾಳೆಯ ಪುಡಿ. ಬ್ರಷ್ ತೊಳೆದ ನೀರಿನ ಜೊತೆ ಮೋರಿ ಸೇರಿದರೆ ಅದನ್ನು ಯಾರೂ ಆರಿಸಿ ತೆಗೆಯಲಾಗದು. 'ಕಸದಿಂದ ರಸ' ಅಂತ ಮಾಡುವ ಬಾಟಲಿ ಗೊಂಬೆಯದ್ದೂ ಇದೇ ಕಥೆ. ಬರೀ ಬಾಟಲಿಯಾಗಿದ್ದಾಗ ಅದು ಮರುಬಳಕೆಗೆ ಹೋಗುತ್ತಿತ್ತು. ಬಣ್ಣ ಬಳಿದು, ಬಟ್ಟೆ, ಮಣಿ ಎಲ್ಲ ಅಂಟಿಸಿದ ಮೇಲೆ ಅದು ಮರುಬಳಕೆಗೂ ಆಗದು, ಗೊಬ್ಬರದ ಗುಂಡಿಗೂ ಆಗದು. ಹಾಗಾಗಿ ಇಲ್ಲಿ ನಾವು ಹಿಡಿದಿರುವ ನಿಯಮ ಒಂದೇ: ಆಟ ಮುಗಿದ ಮೇಲೆ ಮಾಡಿದ ವಸ್ತು ಮಣ್ಣಿಗೆ ಹೋಗುವಂತಿರಬೇಕು, ಇಲ್ಲವೇ ಬಿಚ್ಚಿ ಬೇರೆ ಬೇರೆ ಮಾಡುವಂತಿರಬೇಕು. ಹತ್ತಿ ದಾರ, ಮರದ ಗೋಂದು, ಹಿಟ್ಟಿನ ಅಂಟು, ಉದುರಿದ ಕಡ್ಡಿ, ಎಲೆ ಇದ್ದರೆ ಬೇಕಾದಷ್ಟಾಯಿತು.

ಈಗ ಮಣ್ಣಿಗೆ ಇಳಿಯೋಣ. ಮೂರು ಬೇರೆ ಬೇರೆ ಜಾಗದಿಂದ ಮಣ್ಣು ಬೇಕು: ಮರದ ಬುಡದಿಂದ ಒಂದು, ಬಿಸಿಲು ಬೀಳುವ ಬಯಲಿನಿಂದ ಒಂದು, ನೀರು ನಿಲ್ಲುವ ತಗ್ಗಿನಿಂದ ಒಂದು. ವಾಹನ ಓಡಾಡುವ ರಸ್ತೆಯ ಅಂಚು, ಕಸ ಸುರಿಯುವ ಜಾಗ, ನಾಯಿ ಬೆಕ್ಕು ಗಲೀಜು ಮಾಡುವ ಜಾಗ ಬೇಡ. ಮೇಲಿನ ಧೂಳು ಸರಿಸಿ, ಒಂದು ಗೇಣು ಆಳದಿಂದ ಮಗು ತಾನೇ ಚಮಚದಲ್ಲಿ ಅಗೆದು ತೆಗೆಯಲಿ. ತಂದ ಮಣ್ಣನ್ನು ನೆರಳಲ್ಲಿ ಒಣಗಿಸಿ, ಹೆಂಟೆ ಒಡೆದು, ಬೇರು, ಕಲ್ಲು ಆರಿಸಿಬಿಡಿ. ಈ ಆರಿಸುವ ಕೆಲಸದಲ್ಲಿ ಮೂರು ವರ್ಷದ ಮಕ್ಕಳು ಎಷ್ಟು ಹೊತ್ತು ಬೇಕಾದರೂ ಮುಳುಗಿರುತ್ತಾರೆ. ಅವಸರ ಮಾಡಿಸಬೇಡಿ.

ಪಕ್ಕೆ ನೇರವಾಗಿರುವ, ಒಳಗಿರುವುದು ಕಾಣುವಂಥ ಒಂದು ಲೀಟರ್ ಬಾಟಲಿ ತಗೊಳ್ಳಿ. ಮೂರನೇ ಒಂದು ಭಾಗ ಮಣ್ಣು, ಮೇಲೆ ನಾಲ್ಕು ಬೆರಳು ಖಾಲಿ ಬಿಟ್ಟು ಉಳಿದದ್ದೆಲ್ಲ ನೀರು. ಒಂದು ಚಿಟಿಕೆ ಬಟ್ಟೆ ಸೋಪಿನ ಪುಡಿ ಹಾಕಿದರೆ ಅಂಟಿಕೊಂಡ ಕಣಗಳು ಬಿಡಿಬಿಡಿಯಾಗುತ್ತವೆ. ಮುಚ್ಚಳ ಬಿಗಿಮಾಡಿ, ಸರದಿಯ ಮೇಲೆ ಐದು ನಿಮಿಷ ಕುಲುಕಿ, ಸಮತಟ್ಟಾದ ಕಟ್ಟೆಯ ಮೇಲೆ ಇಟ್ಟುಬಿಡಿ. ಕೆಡುವುದು ಇಲ್ಲೇ. ಒಳಗೇನಾಯಿತು ಅಂತ ಮಗು ಬಾಟಲಿ ಎತ್ತಿದರೆ ಪದರವೆಲ್ಲ ಕಲಸಿಹೋಗುತ್ತದೆ. ಅದಕ್ಕೇ ಬಾಟಲಿಯನ್ನು ಮಗುವಿನ ಕಣ್ಣಿನ ಮಟ್ಟದಲ್ಲೇ ಇಡಿ, ಎತ್ತಿ ನೋಡುವ ಅಗತ್ಯ ಬರುವುದಿಲ್ಲ. ಪಕ್ಕಕ್ಕೆ ಒಂದು ಕಾಗದದ ಪಟ್ಟಿ ಅಂಟಿಸಿ, ಒಂದು ನಿಮಿಷಕ್ಕೆ ಪೆನ್ಸಿಲ್ ಗೆರೆ ಎಳೆಸಿ. ಅಷ್ಟರಲ್ಲಿ ತಳ ಸೇರಿದ್ದು ಮರಳು. ಎರಡು ಗಂಟೆ ಬಿಟ್ಟು ಎರಡನೇ ಗೆರೆ. ಅದು ರೇವೆ. ಮಾರನೇ ದಿನ ಮೂರನೇ ಗೆರೆ, ಅದು ಜೇಡಿ. ಮರಳಿನ ಕಣ 2 ಮಿಲಿಮೀಟರ್‌ವರೆಗೂ ಇರುತ್ತದೆ, ಜೇಡಿಯದ್ದು 0.002 ಮಿಲಿಮೀಟರ್‌ಗಿಂತ ಸಣ್ಣದು. ಭಾರದ್ದು ಬೇಗ ತಳ ಮುಟ್ಟುತ್ತದೆ, ಸಣ್ಣದು ತೇಲಾಡುತ್ತ ನಿಧಾನಕ್ಕೆ ಇಳಿಯುತ್ತದೆ. ಎರಡು ದಿನವಾದರೂ ನೀರು ಕದಡಿಯೇ ಇದ್ದರೆ ಗಾಬರಿ ಬೇಡ, ಆ ಮಣ್ಣಿನಲ್ಲಿ ತೀರಾ ನುಣುಪು ಜೇಡಿ ಇದೆ ಅಂತ ಅರ್ಥ. ಮೇಲೆ ತೇಲುವ ಕಪ್ಪು ಚೂರುಗಳು ಕೊಳೆಯುತ್ತಿರುವ ಎಲೆ, ಬೇರು.

ಬಣ್ಣ ಮಾಡುವುದಕ್ಕೂ ಇದೇ ಸೂತ್ರ. ಉಳಿದ ಮಣ್ಣನ್ನು, ಈ ಸಲ ಸೋಪಿಲ್ಲದೆ, ಬಕೆಟ್‌ನಲ್ಲಿ ನೀರು ಹಾಕಿ ಕಲಸಿ. ಅರವತ್ತರವರೆಗೆ ಎಣಿಸಿ. ಮೇಲಿನ ಕದಡಿದ ನೀರನ್ನು ಮಾತ್ರ ಇನ್ನೊಂದು ಪಾತ್ರೆಗೆ ಬಗ್ಗಿಸಿ, ಮರಳು ಬಕೆಟ್‌ನಲ್ಲೇ ಉಳಿಯಲಿ. ರಾತ್ರಿಯೆಲ್ಲ ಬಿಟ್ಟು, ಬೆಳಿಗ್ಗೆ ತಿಳಿನೀರು ಚೆಲ್ಲಿ. ತಳದಲ್ಲಿ ನುಣ್ಣನೆಯ ಕೆಸರು ಕೂತಿರುತ್ತದೆ. ನಮಗೆ ಬೇಕಾದ ಬಣ್ಣ ಅದೇ. ಮರದ ಗೋಂದನ್ನು ನೀರಿನಲ್ಲಿ ನೆನೆಸಿ, ಕರಗಿಸಿ ಇಟ್ಟುಕೊಳ್ಳಿ. ಎರಡು ಚಮಚ ಕೆಸರಿಗೆ ಒಂದು ಚಮಚ ಗೋಂದು.

ದಪ್ಪ ಕಾಗದದ ಮೂಲೆಯಲ್ಲಿ ಒಂದು ಗೆರೆ ಎಳೆದು, ಒಣಗಲು ಬಿಟ್ಟು ನೋಡಿ. ಬಿರುಕು ಬಿಟ್ಟರೆ ದಪ್ಪವಾಗಿ ಬಳಿದಿದ್ದೀರಿ. ನೀರು ಆರುತ್ತಿದ್ದಂತೆ ಜೇಡಿ ಕುಗ್ಗುತ್ತದೆ, ಕಾಗದ ಕುಗ್ಗುವುದಿಲ್ಲ, ಅದಕ್ಕೇ ಸೀಳುತ್ತದೆ. ಬೆರಳಿಗೆ ಪುಡಿ ಹತ್ತಿದರೆ ಗೋಂದು ಸಾಲದು. ಹೊಳಪು ಬಂದು ಅಂಚಿನಲ್ಲಿ ಎದ್ದರೆ ಗೋಂದು ಜಾಸ್ತಿಯಾಗಿದೆ. ಹಸಿಯಿದ್ದಾಗ ಕಂಡ ಬಣ್ಣ ಒಣಗಿದ ಮೇಲೆ ಒಂದು ಪಟ್ಟು ತಿಳಿಯಾಗುತ್ತದೆ, ಇದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಿ. ಗೋಂದು ಬೆರೆಸಿದ ಬಣ್ಣ ಒಂದೆರಡು ದಿನಕ್ಕೆ ವಾಸನೆ ಬರುತ್ತದೆ, ಹಾಗಾಗಿ ಆ ದಿನಕ್ಕೆ ಬೇಕಾದಷ್ಟೇ ಬೆರೆಸಿ. ಉಳಿದ ಕೆಸರನ್ನು ಬಿಲ್ಲೆ ತಟ್ಟಿ ಒಣಗಿಸಿಟ್ಟರೆ ವರ್ಷಗಟ್ಟಲೆ ಕೆಡದು.

ಕೆಂಪು ಮಣ್ಣು ಯಾಕೆ ಕೆಂಪು ಅಂತ ಮಗು ಕೇಳೇ ಕೇಳುತ್ತದೆ. ಮಣ್ಣಿನಲ್ಲಿರುವ ಕಬ್ಬಿಣ ಗಾಳಿಯ ಜೊತೆ ಸೇರಿ ತುಕ್ಕಿನ ಬಣ್ಣಕ್ಕೆ ತಿರುಗಿದೆ. ತಗ್ಗಿನ ಮಣ್ಣು ಬೂದುಬಣ್ಣ ಇದ್ದರೆ, ಅಲ್ಲಿ ನೀರು ನಿಂತು ಗಾಳಿ ಒಳಗೆ ಹೋಗುತ್ತಿಲ್ಲ. ಮರದ ಬುಡದ ಕಪ್ಪು ಬಹುಮಟ್ಟಿಗೆ ಕೊಳೆತ ಎಲೆಯಿಂದ ಬಂದದ್ದು.

ಬಣ್ಣ ಒಣಗುವವರೆಗೆ ಎಲೆಯ ಅಚ್ಚು ತೆಗೆಯಬಹುದು. ಎಲೆಯ ಬೆನ್ನು ಮೇಲಕ್ಕಿರಲಿ, ನರಗಳು ಉಬ್ಬಿರುವುದು ಆ ಕಡೆಗೇ. ಮೇಲೆ ತೆಳು ಕಾಗದ ಇಟ್ಟು, ಕ್ರೆಯಾನಿನ ಸುತ್ತು ಕಾಗದ ಸುಲಿದು, ಅದನ್ನು ಅಡ್ಡಡ್ಡ ಮಲಗಿಸಿ ಉಜ್ಜಿ. ಮೊನೆಯಿಂದ ಉಜ್ಜಿದರೆ ಗೆರೆ ಬೀಳುತ್ತದೆ, ನರ ಮೂಡುವುದಿಲ್ಲ. ಒಣಗಿದ ಎಲೆ ಪುಡಿಯಾಗುತ್ತದೆ, ರಸ ತುಂಬಿದ ಎಲೆ ಒಡೆದು ಕಾಗದ ಒದ್ದೆ ಮಾಡುತ್ತದೆ. ಅದೇ ದಿನ ಉದುರಿದ ಎಲೆ ಸರಿಹೊಂದುತ್ತದೆ. ಹುಲ್ಲಿನ ಗರಿಯಲ್ಲಿ ನರ ಉದ್ದಕ್ಕೆ ಸಾಲಾಗಿ ಓಡುವುದು, ಮರದ ಎಲೆಯಲ್ಲಿ ಬಲೆಯಾಗಿ ಹರಡುವುದು ಪಕ್ಕಪಕ್ಕದಲ್ಲಿಟ್ಟರೆ ತಾನಾಗಿ ಕಾಣುತ್ತದೆ.

ಆಯ್ದು ತರುವಾಗ ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಗಮನಕೊಟ್ಟು ಕೇಳಿ. ಕಣಗಿಲೆ ಗಿಡದ ಪ್ರತಿಯೊಂದು ಭಾಗವೂ ವಿಷ. ಎಕ್ಕದ ಹಾಲು ಕಣ್ಣಿಗೆ ತಾಗಬಾರದು. ಕೆಂಪು ಮೈ, ಕಪ್ಪು ಚುಕ್ಕಿಯ ಗುಲಗಂಜಿ ನೋಡಲು ಮಣಿಯಂತಿರುವುದರಿಂದ ಮಾಲೆಗೆ ಪೋಣಿಸಬೇಕು ಅನಿಸುತ್ತದೆ. ಒಳಗಿರುವುದು ಅಬ್ರಿನ್ ಅನ್ನುವ ಕಡುವಿಷ. ಸಿಪ್ಪೆ ಗಟ್ಟಿಯಿರುವವರೆಗೆ ಅದು ಹೊರಬರುವುದಿಲ್ಲ, ಆದರೆ ತೂತು ಕೊರೆದರೆ, ಅಗಿದರೆ ಹೊರಬರುತ್ತದೆ. ಹರಳಿನ ಬೀಜವೂ ಅಷ್ಟೇ ಅಪಾಯ. ಮಕ್ಕಳ ಕೈಕೆಲಸದ ಡಬ್ಬಿಯಲ್ಲಿ ಇವೆರಡೂ ಇರಲೇಬಾರದು. ಅಣಬೆ ಮುಟ್ಟುವುದೂ ಬೇಡ.

ಈಗ ಬಟ್ಟೆ ಹಾಸುವ ಆಟ. ಒಂದು ಮೀಟರ್ ಅಗಲದ ಬಿಳಿ ಹತ್ತಿ ಬಟ್ಟೆ, ಒಂದು ಕೋಲು, ಮೆತ್ತನೆ ಬ್ರಷ್, ಭೂತಗನ್ನಡಿ. ಗಾಳಿಯಿಲ್ಲದ, ಎಲೆ ಒಣಗಿರುವ ಹೊತ್ತು ನೋಡಿಕೊಳ್ಳಿ. ಪೊದೆಯಲ್ಲಿ ಕಣಜದ ಗೂಡು, ಎಲೆ ಹೆಣೆದ ಕೆಂಪಿರುವೆ ಗೂಡು ಇದೆಯಾ ಅಂತ ದೊಡ್ಡವರು ಮೊದಲು ಹುಡುಕಬೇಕು. ಇದ್ದರೆ ಆ ಪೊದೆಯನ್ನು ಬಿಟ್ಟುಬಿಡಿ. ಇಬ್ಬರು ಮಕ್ಕಳು ಬಟ್ಟೆ ಹಿಡಿಯಲಿ, ದೊಡ್ಡವರು ಕೊಂಬೆಗೆ ಥಟ್ಟಂತ ಮೂರು ಪೆಟ್ಟು ಕೊಡಿ. ಮೆಲ್ಲಗೆ ಅಲ್ಲಾಡಿಸಿದರೆ ಹುಳುಗಳು ಇನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತವೆ, ಹಠಾತ್ ಪೆಟ್ಟಿಗೆ ಮಾತ್ರ ಕೈಬಿಡುತ್ತವೆ.

ಬಿದ್ದ ತಕ್ಷಣ ಯಾರೂ ಕೈ ಹಾಕದೆ ಸುಮ್ಮನೆ ನೋಡಬೇಕು. ಜೇಡಗಳು ಅಂಚಿಗೆ ಓಡುತ್ತವೆ. ದುಂಬಿಗಳು ಕಾಲು ಮಡಚಿಕೊಂಡು ಸತ್ತಂತೆ ಬಿದ್ದಿರುತ್ತವೆ. ಅಲ್ಲೊಂದು ಒಣಕಡ್ಡಿ ಬಿದ್ದಿದೆ ಅಂದುಕೊಂಡಿರುತ್ತೀರಿ. ಸ್ವಲ್ಪ ಹೊತ್ತಿಗೆ ಅದರ ಒಂದು ತುದಿ ಮೇಲೇಳುತ್ತದೆ, ಅತ್ತಿತ್ತ ತಡಕಾಡುತ್ತದೆ, ಬೆನ್ನು ಕಮಾನಿನಂತೆ ಬಾಗಿ ಹಿಂದಿನ ಕಾಲುಗಳು ಮುಂದಿನ ಕಾಲಿನ ಹತ್ತಿರಕ್ಕೇ ಬಂದು ನಿಲ್ಲುತ್ತವೆ. ಅದು ಪತಂಗದ ಮರಿಹುಳು. ನಡು ಭಾಗದಲ್ಲಿ ಕಾಲಿಲ್ಲದ್ದರಿಂದ ಹಾಗೆ ಗೇಣು ಹಾಕುತ್ತ ನಡೆಯುತ್ತದೆ. ಐದು ದಾಟಿದ ಮಕ್ಕಳಿಗೆ ಕಾಲು ಎಣಿಸಲು ಹೇಳಿ: ಆರಿದ್ದರೆ ಕೀಟ, ಎಂಟಿದ್ದರೆ ಜೇಡದ ಬಳಗ. ಮರಿಹುಳುವಿನ ಲೆಕ್ಕ ಮಾತ್ರ ಗೊಂದಲವಾಗುತ್ತದೆ, ನಿಜವಾದ ಆರು ಕಾಲು ಎದೆಯ ಭಾಗದಲ್ಲಿವೆ, ಹಿಂದಿನವು ಹಿಡಿತಕ್ಕಿರುವ ಮಾಂಸದ ಗುಬುಟು. ಕಂಬಳಿಹುಳು ಬಿದ್ದರೆ ಮುಟ್ಟಬಾರದು, ಅದರ ಕೂದಲು ಚುಚ್ಚಿ ತುರಿಕೆ, ಬಾವು ಬರುತ್ತದೆ.

ಗಾಜಿನ ಲೋಟಕ್ಕೆ ಹಾಕಿ ನೋಡುವುದಾದರೆ ನೆರಳಲ್ಲೇ ನೋಡಿ. ಬಿಸಿಲಲ್ಲಿಟ್ಟ ಲೋಟ ನಿಮಿಷಗಳಲ್ಲೇ ಕಾಯುತ್ತದೆ, ಒಳಗಿನ ಜೀವ ಸಾಯುತ್ತದೆ. ಹತ್ತು ನಿಮಿಷದೊಳಗೆ ಅದೇ ಪೊದೆಯ ಬುಡಕ್ಕೆ ವಾಪಸ್ ಬಿಡಿ. ಪಕ್ಕದ ಗಿಡಕ್ಕೆ ಬಿಟ್ಟರೆ ಸಾಲದು, ಎಷ್ಟೋ ಮರಿಹುಳುಗಳು ಒಂದೆರಡು ಜಾತಿಯ ಎಲೆ ಬಿಟ್ಟು ಬೇರೆ ತಿನ್ನುವುದೇ ಇಲ್ಲ. ಬಿದ್ದ ದಿಮ್ಮಿಯ ಕೆಳಗೆ ನೋಡಬೇಕಿದ್ದರೆ ದೊಡ್ಡವರೇ ಅದನ್ನು ತಮ್ಮ ಕಡೆಗೆ ಉರುಳಿಸಿ. ಆಗ ಹಾವೋ ಚೇಳೋ ಇದ್ದರೂ ಆಚೆ ಕಡೆಗೆ ಓಡಲು ದಾರಿ ಇರುತ್ತದೆ. ಮಕ್ಕಳು ನಿಮ್ಮ ಹಿಂದೆ ನಿಂತಿರಬೇಕು. ನೋಡಿಯಾದ ಮೇಲೆ ದಿಮ್ಮಿ ಮೊದಲಿದ್ದಂತೆಯೇ ಕೂರಬೇಕು. ಒಳಗೆ ಬಂದ ಕೂಡಲೇ ಸೋಪು ಹಾಕಿ ಕೈ ತೊಳೆಯಿರಿ.

ಪೊದೆಯಲ್ಲಿ ಕಣಜದ ಗೂಡು ಹುಡುಕಿದಿರಲ್ಲ, ಆ ಗೂಡು ಕಾಗದದ್ದೇ. ಕೆಲವು ಜಾತಿಯ ಕಣಜಗಳು ಮರದ ನಾರು ಕೆರೆದು, ಅಗಿದು, ಜೊಲ್ಲು ಬೆರೆಸಿ ಗೂಡು ಕಟ್ಟುತ್ತವೆ. ಇದನ್ನು ಗಮನಿಸಿದ ಫ್ರಾನ್ಸಿನ ವಿಜ್ಞಾನಿ ರೇಒಮ್ಯೂರ್, ಚಿಂದಿಬಟ್ಟೆಯಿಂದ ಕಾಗದ ಮಾಡುತ್ತಿದ್ದ ಕಾಲದಲ್ಲಿ, ಮರದಿಂದಲೂ ಕಾಗದ ಮಾಡಬಹುದು ಅಂತ 1719ರಲ್ಲೇ ಸೂಚಿಸಿದ್ದರು. ನಾವು ಈಗ ಮಾಡುವುದೂ ಅದನ್ನೇ, ನಾರನ್ನು ಬಿಡಿಸಿ ಮತ್ತೆ ಕೂಡಿಸುವುದು.

ಹತ್ತು ಎ4 ಹಾಳೆ ಸಾಕು, ಸುಮಾರು 50 ಗ್ರಾಂ. ಅದರಿಂದ ಅಂಚೆ ಕಾರ್ಡಿನಷ್ಟು ದೊಡ್ಡ ಹತ್ತು ಹನ್ನೆರಡು ಕಾಗದ ಬರುತ್ತವೆ. ನುಣುಪು ಹೊಳಪಿನ ಹಾಳೆ ನೆನೆಯುವುದಿಲ್ಲ. ಯಂತ್ರದಿಂದ ಬರುವ ಬಿಲ್ ಚೀಟಿಗಳಿಗೆ ರಾಸಾಯನಿಕ ಲೇಪ ಇರುತ್ತದೆ, ಅವು ಬೇಡವೇ ಬೇಡ. ಪಿನ್ನು, ಟೇಪು ತೆಗೆದು, ಹೆಬ್ಬೆರಳಿನ ಉಗುರಿನಷ್ಟು ಚೂರು ಹರಿದು, ರಾತ್ರಿಯೆಲ್ಲ ನೆನೆಸಿ. ಕತ್ತರಿಯಲ್ಲಿ ಕತ್ತರಿಸಬೇಡಿ, ಹರಿದ ಅಂಚು ಚೆನ್ನಾಗಿ ನೀರು ಕುಡಿಯುತ್ತದೆ, ಹರಿಯುವುದು ಮಕ್ಕಳಿಗೂ ಇಷ್ಟ. ಒಂದು ಹಿಡಿಗೆ ಮೂರು ಲೋಟ ನೀರು ಹಾಕಿ, ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ಮೂರು ಸಲ ತಿರುಗಿಸಿ. ಗಂಟು ಹೋದರೆ ಸಾಕು. ತುಂಬ ಹೊತ್ತು ತಿರುಗಿಸಿದರೆ ನಾರು ತುಂಡಾಗಿ ಕಾಗದ ಬಲ ಕಳೆದುಕೊಳ್ಳುತ್ತದೆ.

ಜರಡಿಗೆ ಕಸೂತಿ ಹಾಕುವ ರಿಂಗ್ ತಗೊಂಡು ಸೊಳ್ಳೆ ಜಾಲರಿಯನ್ನು ಬಿಗಿಯಾಗಿ ಎಳೆದು ಕೂರಿಸಿ. ಅಗಲವಾದ ಟಬ್ಬಿನಲ್ಲಿ ಒಟ್ಟು 5 ಲೀಟರ್ ನೀರಿರಲಿ. ರುಬ್ಬಿದ್ದರಲ್ಲಿ ಮೂರನೇ ಒಂದು ಭಾಗ ಪಕ್ಕಕ್ಕಿಟ್ಟು ಉಳಿದದ್ದನ್ನು ಟಬ್ಬಿಗೆ ಸುರಿದು ಕೈಯಿಂದ ಕದಡಿ. ಜರಡಿಯನ್ನು ನೆಟ್ಟಗೆ ಇಳಿಸಿ, ನೀರಿನೊಳಗೆ ಮಲಗಿಸಿ, ಮಟ್ಟವಾಗಿ ಮೇಲೆತ್ತಿ. ನೀರು ಇಳಿಯುತ್ತಿರುವಾಗಲೇ ಎಡಬಲ ಸ್ವಲ್ಪ ಅಲ್ಲಾಡಿಸಿದರೆ ನಾರುಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ನೀರು ಪೂರ್ತಿ ಇಳಿದ ಮೇಲೆ ಅಲ್ಲಾಡಿಸಿದರೆ ಸೀಳುತ್ತದೆ. ತೂತು ಬಿದ್ದರೆ, ಇಡೀ ಪದರವನ್ನು ಟಬ್ಬಿಗೇ ತೊಳೆದು ಮತ್ತೆ ಎತ್ತಿ. ನಾಲ್ಕೈದು ಕಾಗದ ಎತ್ತುವಷ್ಟರಲ್ಲಿ ಟಬ್ಬಿನ ನೀರು ತೆಳ್ಳಗಾಗುತ್ತದೆ, ಆಗ ಪಕ್ಕಕ್ಕಿಟ್ಟದ್ದನ್ನು ಸೇರಿಸಿ. ಅಂಟು ಬೇಕಿಲ್ಲ. ಒಣಗುವಾಗ ನಾರಿನಲ್ಲಿರುವ ಸೆಲ್ಯುಲೋಸ್ ತಾನಾಗಿ ಕಚ್ಚಿಕೊಳ್ಳುತ್ತದೆ.

ಹತ್ತಿ ಬಟ್ಟೆಯನ್ನು ನೀರಲ್ಲಿ ಅದ್ದಿ ಹಿಂಡಿ ಹಾಸಿ. ಜರಡಿ ಅದರ ಮೇಲೆ ಬೋರಲು ಹಾಕಿ, ಜಾಲರಿಯ ಹಿಂದಿನಿಂದ ಸ್ಪಂಜು ಒತ್ತಿ ನೀರು ಹೀರಿಸಿ. ಸ್ಪಂಜಿಗೆ ನೀರು ಬರುವುದು ನಿಲ್ಲುವವರೆಗೂ ಒತ್ತಿ, ಆಮೇಲೆ ಒಂದು ಅಂಚಿನಿಂದ ಜರಡಿ ಎತ್ತಿ. ಕಾಗದ ಜಾಲರಿಗೇ ಅಂಟಿಕೊಂಡು ಬಂದರೆ ನೀರು ಇನ್ನೂ ಉಳಿದಿದೆ, ಅಥವಾ ಕೆಳಗಿನ ಬಟ್ಟೆ ಒಣಗಿದೆ. ಬೀಜ ಹಾಕುವುದು ಈಗ. ಟಬ್ಬಿಗೆ ಸುರಿಯುವವರಿದ್ದಾರೆ, ಹಾಗೆ ಮಾಡಿದರೆ ಕೊನೆಯ ಕಾಗದ ಎತ್ತುವವರೆಗೂ ಬೀಜ ನೆನೆಯುತ್ತ ಕೂರುತ್ತದೆ. ಕಾಗದಕ್ಕೆ ಎಂಟು ಹತ್ತು ಬೀಜ ಉದುರಿಸಿ, ಮೇಲೆ ಒಂದು ಚಮಚ ತೆಳು ಮುದ್ದೆ ಹನಿಸಿ ಬೆರಳಲ್ಲಿ ಒತ್ತಿ. ಸಾಸಿವೆಯಷ್ಟು ಸಣ್ಣದೋ, ಚೆಂಡುಹೂವಿನದ್ದರಂತೆ ತೆಳ್ಳಗಿನದೋ ಆಗಬೇಕು. ಕಾಮಕಸ್ತೂರಿ ಬೀಜ ಒದ್ದೆಯಾದರೆ ಲೋಳೆಯಾಗಿ ಉಬ್ಬುತ್ತದೆ, ಅದು ಬೇಡ. ನಿಮ್ಮ ಸುತ್ತಮುತ್ತ ಈಗಾಗಲೇ ಬೆಳೆಯುವ ಗಿಡದ ಬೀಜವನ್ನೇ ಹಾಕಿ, ಕಳೆಯಾಗಿ ಹಬ್ಬುವ ಗಿಡ ಆಗದು.

ಗಾಳಿ ಆಡುವ ನೆರಳಲ್ಲಿ ಒಂದು ದಿನದೊಳಗೆ ಒಣಗಬೇಕು. ತಡವಾದರೆ ಬೀಜ ಕಾಗದದೊಳಗೇ ಮೊಳೆತು ಸಾಯುತ್ತದೆ, ಇಸ್ತ್ರಿ ಹಾಕಿದರೆ ಬೆಂದುಹೋಗುತ್ತದೆ. ಟಬ್ಬಿನಲ್ಲಿ ಉಳಿದ ಮುದ್ದೆಯನ್ನು ಸಿಂಕಿಗೆ ಸುರಿಯಬೇಡಿ, ಪೈಪು ಕಟ್ಟಿಕೊಳ್ಳುತ್ತದೆ. ಬಟ್ಟೆಯಲ್ಲಿ ಸೋಸಿ, ಉಂಡೆ ಮಾಡಿ ಒಣಗಿಸಿಟ್ಟರೆ ಮುಂದಿನ ಸಲ ನೆನೆಸಿ ಬಳಸಬಹುದು.

ನೆಡುವಾಗ ಕಾಗದವನ್ನು ಎರಡು ಗಂಟೆ ನೆನೆಸಿ, ಚೂರು ಮಾಡಿ, ಒದ್ದೆ ಮಣ್ಣಿನ ಮೇಲಿಟ್ಟು ಅರ್ಧ ಸೆಂಟಿಮೀಟರ್ ಮಣ್ಣು ಮುಚ್ಚಿ. ಮೊದಲ ಹತ್ತು ದಿನ ಕಾಗದ ಒಣಗಲೇಬಾರದು, ಒಣಗಿದರೆ ರಟ್ಟಿನಂತಾಗಿ ಮೊಳಕೆಗೆ ಅಡ್ಡ ನಿಲ್ಲುತ್ತದೆ. ಹದಿನೈದು ದಿನವಾದರೂ ಏನೂ ಕಾಣದಿದ್ದರೆ ಒಂದು ಚೂರನ್ನು ಎತ್ತಿ, ಭೂತಗನ್ನಡಿಯಲ್ಲಿ ಮಗುವಿಗೇ ನೋಡಲು ಕೊಡಿ. ಬೀಜ ಮೆತ್ತಗಾಗಿ ಕಪ್ಪಾಗಿದ್ದರೆ ನೀರು ಹೆಚ್ಚಾಗಿ ಕೊಳೆತಿದೆ. ಒಣಗಿದ ಪುಟ್ಟ ಬಾಲ ಕಂಡರೆ ಕಾಗದ ಒಣಗುವಾಗಲೇ ಮೊಳೆತು ಸತ್ತಿದೆ. ಗಟ್ಟಿಯಾಗಿ ಹಾಗೇ ಇದ್ದರೆ ಅದು ಇನ್ನೂ ಬದುಕಿರಬಹುದು, ಕಾಗದ ಬಿಡಿಸಿ ಬೀಜವನ್ನು ಅದೇ ಮಣ್ಣಿಗೆ ಹಾಕಿ ನೀರು ಚಿಮುಕಿಸುತ್ತಿರಿ.