ಅಂಚೆ ಚೀಲದ ಬಾಯಿಗೆ ಬೀಗ

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲೆ ಎರಡು ಚೀಲ ಇಟ್ಟಿದ್ದೇನೆ. ಒಂದು ಹಳೆಯದು. ದಪ್ಪ ಕ್ಯಾನ್ವಾಸ್, ಬಾಯಿಯ ಸುತ್ತ ಹಿತ್ತಾಳೆಯ ಕಣ್ಣುಗಳು, ಅವುಗಳಲ್ಲಿ ಪೋಣಿಸಿದ ಹುರಿ. ಇನ್ನೊಂದು ಹೊಸದು. ಲೇಪ ಹಾಕಿದ ನೈಲಾನ್ ಬಟ್ಟೆ, ಒಂದೇ ಜಿಪ್, ಜಿಪ್ಪಿನ ತುದಿಗೆ ಬೆಂಕಿಪೊಟ್ಟಣದ ಅರ್ಧದಷ್ಟಿರುವ ಪ್ಲಾಸ್ಟಿಕ್ ಗೂಡು. ಇವತ್ತು ಮಾತಾಡಬೇಕಿರುವುದು ಚೀಲದ ಬಾಯಿಯ ಬಗ್ಗೆ ಮಾತ್ರ, ಹೊಟ್ಟೆಯ ಬಗ್ಗೆ ಅಲ್ಲ.

ಬಾಯಿಗೆ ಬೀಗ ಹಾಕುವುದು ಎಂದರೆ ಮಾತಾಡದಂತೆ ಮಾಡುವುದು ಎಂದು ನಾವೆಲ್ಲ ತಿಳಿದಿದ್ದೇವೆ. ಅಂಚೆ ಚೀಲದ ಬೀಗದ ಕೆಲಸ ಇದಕ್ಕೆ ತದ್ವಿರುದ್ಧ. ದಾರಿಯಲ್ಲಿ ಯಾರಾದರೂ ಕೈ ಹಾಕಿದ್ದರೆ ಚೀಲ ಬಾಯಿ ಬಿಡಬೇಕು. ಅದಕ್ಕೇ ಆ ಬೀಗ.

ಯಾಕೆ ಹೀಗೆ ಹೇಳುತ್ತೇನೆ ಎಂದರೆ, ಈ ಬಟ್ಟೆಯನ್ನು ಕೊಯ್ಯಲು ಒಂದು ಬ್ಲೇಡು ಸಾಕು. ಬಾಯಿಗೆ ಎರಡು ಕಿಲೋ ತೂಕದ ಉಕ್ಕಿನ ಬೀಗ ಜಡಿದರೂ ಹೊಟ್ಟೆ ಬಟ್ಟೆಯದೇ. ಕೊಯ್ಯುವುದೂ ಬೇಕಿಲ್ಲ, ಹೊತ್ತುಕೊಂಡು ಹೋದರೆ ಮುಗಿಯಿತು. 1963ರ ಆಗಸ್ಟ್ 8ರ ನಸುಕಿನಲ್ಲಿ ಇಂಗ್ಲೆಂಡಿನ ಬಕಿಂಗ್‌ಹ್ಯಾಮ್‌ಶೈರ್‌ನಲ್ಲಿ ಅಂಚೆ ರೈಲನ್ನು ತಡೆದ ದರೋಡೆಕೋರರು ಒಂದು ಬೋಗಿಯಲ್ಲಿದ್ದ 128 ಚೀಲಗಳಲ್ಲಿ 120ನ್ನು ಕೈಯಿಂದ ಕೈಗೆ ದಾಟಿಸಿ ಲಾರಿಗೆ ತುಂಬಿಕೊಂಡರು. ಸುಮಾರು 26 ಲಕ್ಷ ಪೌಂಡು. ಅಲ್ಲಿ ನಿಂತು ಚೀಲದ ಬಾಯಿ ಬಿಚ್ಚುವ ಅಗತ್ಯವೇ ಅವರಿಗೆ ಬೀಳಲಿಲ್ಲ. ಅಂಥವರನ್ನು ತಡೆಯುವುದು ಪೊಲೀಸರ, ರೈಲ್ವೆಯವರ ಕೆಲಸ. ಬೀಗ ತಯಾರಿಸುವವನು ಅವರ ಬಗ್ಗೆ ತಲೆ ಕೆಡಿಸಿಕೊಳ್ಳಬಾರದು.

ಅವನು ತಲೆ ಕೆಡಿಸಿಕೊಳ್ಳಬೇಕಾದವನು ಬೇರೆ ಇದ್ದಾನೆ. ಅವನ ಕೈಗೆ ಚೀಲ ನ್ಯಾಯವಾಗಿಯೇ ಬಂದಿರುತ್ತದೆ. ಹತ್ತು ನಿಮಿಷ ಯಾರೂ ನೋಡದ ಹೊತ್ತು ಸಿಗುತ್ತದೆ. ಅವನಿಗೆ ಬೇಕಿರುವುದು ಇಡೀ ಚೀಲ ಅಲ್ಲ, ಒಂದು ಲಕೋಟೆ. ತೆಗೆದ ಮೇಲೆ ಚೀಲ ಮೊದಲಿನಂತೆಯೇ ಕಾಣಬೇಕು. ತೆರೆಯುವುದು ಅವನಿಗೆ ಕಷ್ಟವಲ್ಲ, ಮತ್ತೆ ಮುಚ್ಚುವುದು ಕಷ್ಟ. ನಮ್ಮ ಇಡೀ ಕಸುಬು ಆ ಎರಡನೆಯ ಕಷ್ಟವನ್ನು ಹೆಚ್ಚಿಸುವುದರಲ್ಲೇ ಇದೆ.

ಇದು ಹೊಸ ವಿದ್ಯೆಯೇನಲ್ಲ. ಸುಮಾರು ಐದು ಸಾವಿರ ವರ್ಷಗಳ ಹಿಂದೆ ಮೆಸಪೊಟೇಮಿಯಾದವರು ಗಡಿಗೆ, ಚೀಲ, ಉಗ್ರಾಣದ ಬಾಗಿಲಿಗೆ ಹಗ್ಗ ಬಿಗಿದು, ಗಂಟಿನ ಮೇಲೆ ಹಸಿ ಜೇಡಿಮಣ್ಣು ಮೆತ್ತಿ, ಅದರ ಮೇಲೆ ಕೊರೆದ ಕಲ್ಲಿನ ಮುದ್ರೆ ಉರುಳಿಸುತ್ತಿದ್ದರು. ಒಣಗಿದ ಮಣ್ಣನ್ನು ಮಗುವೂ ಒಡೆಯಬಹುದು. ಒಡೆದದ್ದನ್ನು ಮತ್ತೆ ಅದೇ ಚಿತ್ರದೊಂದಿಗೆ ಕೂಡಿಸಲು ಮಾತ್ರ ಆ ಕಲ್ಲೇ ಬೇಕು. ಮಣ್ಣು ಹೋಗಿ ಅರಗು ಬಂತು, ಅರಗಿನ ಪಕ್ಕದಲ್ಲೇ ಸೀಸ ಬಂತು. ಉಪಾಯ ಅದೇ.

ಈ ಹಳೆಯ ಚೀಲ ನೋಡಿ. ಹುರಿ ಎಳೆದು ಬಾಯಿ ಸುರುಟಿದೆ, ಪೈಜಾಮದ ಲಾಡಿ ಎಳೆದ ಹಾಗೆ. ಸುತ್ತಿ ಗಂಟು ಹಾಕಿ, ವಿಳಾಸದ ಚೀಟಿ ಪೋಣಿಸಿ, ಹುರಿಯ ಎರಡು ತುದಿಗಳನ್ನೂ ಸೀಸದ ಗುಂಡಿಯ ತೂತುಗಳಲ್ಲಿ ತೂರಿಸಿ ಇಕ್ಕಳದಿಂದ ಒತ್ತಿದ್ದಾರೆ. ಇಕ್ಕಳದ ಬಾಯಲ್ಲಿ ಅಕ್ಷರ ಕೊರೆದ ಅಚ್ಚಿದೆ. ನೋಡಲು ಭದ್ರ. ಆದರೆ ಒತ್ತಿದವನು ಸ್ವಲ್ಪ ಸೋಮಾರಿಯಾದರೆ ಸೀಸ ಹುರಿಯನ್ನು ಕಚ್ಚುವುದಿಲ್ಲ, ಬರೀ ಹಿಡಿದುಕೊಂಡಿರುತ್ತದೆ. ಆಗ ತೆಳುವಾದ ದಬ್ಬಳದಿಂದ ತೂತು ಅಗಲಿಸಿ ಹುರಿಯನ್ನು ಜಾರಿಸಿ ತೆಗೆಯಬಹುದು. ಕೆಲಸ ಮುಗಿದ ಮೇಲೆ ಮತ್ತೆ ತೂರಿಸಿ, ಬೆರಳಲ್ಲಿ ಒತ್ತಿದರೆ ಆಯಿತು, ಸೀಸ ಅಷ್ಟು ಮೃದು. ಅರಗಿನದೂ ಇದೇ ಕಥೆ. ಅಲಗನ್ನು ಕಾಯಿಸಿ ಮೆಲ್ಲಗೆ ಅಡಿಗೆ ತೂರಿಸಿದರೆ ಮುದ್ರೆ ಮುಕ್ಕಾಗದೆ ಎದ್ದು ಬರುತ್ತದೆ. ಹಾಗಾಗಿ ಅರಗನ್ನು ಗಂಟಿನ ಮೇಲೆ ಸುರಿದರೆ ಸಾಲದು, ಗಂಟಿನ ಎಳೆಗಳ ಒಳಕ್ಕೆ ಇಳಿಸಬೇಕು. ಹಳಬರು ಗಂಟನ್ನು ಅರಗಿನಲ್ಲಿ ಮುಳುಗಿಸಿಯೇ ಮುದ್ರೆ ಒತ್ತುತ್ತಿದ್ದರು.

ಹುರಿ ಬೇಡ, ಬೀಗವೇ ಇರಲಿ ಎಂದು ಹೊರಟವರೂ ಇದ್ದರು. ಅಮೆರಿಕದ ಹಳೆಯ ಅಂಚೆ ಚೀಲಗಳಲ್ಲಿ ಬಾಯಿಯ ಒಂದು ಅಂಚಿಗೆ ಸಾಲಾಗಿ ಕಬ್ಬಿಣದ ಬಳೆಗಳು, ಇನ್ನೊಂದು ಅಂಚಿಗೆ ಅಷ್ಟೇ ಸೀಳುಗಳು. ಬಾಯಿ ಮಡಚಿದರೆ ಬಳೆಗಳು ಸೀಳುಗಳಿಂದ ಹೊರಗೆ ಇಣುಕುತ್ತವೆ. ಆ ಬಳೆಗಳೊಳಗೆ ಒಂದು ಚರ್ಮದ ಪಟ್ಟಿ ಓಡಿಸಿ, ಕೊನೆಯ ಬಳೆಗೆ ಬೀಗ. ಒಂದು ಬೀಗ ಇಡೀ ಬಾಯಿಯನ್ನು ಕಾಯುತ್ತದೆ ಎನ್ನುವುದು ಇದರ ಚೆಲುವು. ಕುಂದು ಎಲ್ಲಿ ಎಂದರೆ ಎರಡು ಬಳೆಗಳ ನಡುವೆ. ಅಂತರ ಹೆಚ್ಚಾದಷ್ಟೂ ಅಲ್ಲಿ ಬಟ್ಟೆ ಉಬ್ಬಿ ಕಿಂಡಿಯಾಗುತ್ತದೆ. ಕೈ ಹೋಗದಿದ್ದರೂ ಉದ್ದನೆಯ ಚಿಮಟ ಹೋಗುತ್ತದೆ, ಕಾಗದ ತೆಳ್ಳಗಿರುತ್ತದೆ.

ನಾನು ಕೆಲಸ ಕಲಿತದ್ದು ಚೀಲ ದುರಸ್ತಿಯ ಶೆಡ್ಡಿನಲ್ಲಿ. ಬೀಗ ಮುರಿದು ಬಂದ ಚೀಲ ನೋಡಿದ ನೆನಪೇ ಇಲ್ಲ. ಬರುತ್ತಿದ್ದವೆಲ್ಲ ರಿವೆಟ್ಟಿನ ಬುಡದಲ್ಲಿ ಹರಿದವು. ಲೋಹ ಗಟ್ಟಿ, ಬಟ್ಟೆ ಗಟ್ಟಿ, ಇವೆರಡೂ ಕೂಡುವ ಜಾಗ ಪೊಳ್ಳು. ಬೀಗದ ನಕ್ಷೆ ಬರೆದವರು ರಿವೆಟ್ಟನ್ನು ದರ್ಜಿಯ ಪಾಲಿಗೆ ಬಿಟ್ಟಿದ್ದರು, ದರ್ಜಿ ಅದನ್ನು ಬೀಗದವರ ಪಾಲಿಗೆ. ಆಮೇಲೆ ನಾನು ಯಾವ ನಕ್ಷೆ ನೋಡಿದರೂ ಮೊದಲು ಕಣ್ಣು ಹೋಗುವುದು ಅಲ್ಲಿಗೇ.

ಬೀಗ ಎಂದ ಮೇಲೆ ಕೀಲಿಕೈ ಬಂತು. ತೊಂದರೆ ಶುರುವಾಗುವುದೂ ಅಲ್ಲಿಂದಲೇ. ಒಂದು ಚೀಲ ಎಲ್ಲಿ ಮುಚ್ಚುತ್ತದೋ ಅಲ್ಲಿಂದ ಸಾವಿರ ಮೈಲಿ ಆಚೆ ಯಾರೋ ತೆರೆಯಬೇಕು. ಹಾಗಾದರೆ ಎಲ್ಲ ಕಚೇರಿಯಲ್ಲೂ ಒಂದೇ ಬಗೆಯ ಕೀ ಇರಬೇಕು. ಸಾವಿರಾರು ಕೈಗಳಲ್ಲಿರುವ ಕೀ ಗುಟ್ಟಾಗಿ ಉಳಿಯುವುದು ಹೇಗೆ? ಒಂದು ಕಳೆದರೆ ಎಲ್ಲ ಬೀಗವೂ ಅನುಮಾನಕ್ಕೆ ಒಳಗಾಗುತ್ತದೆ. ಇತ್ತೀಚಿನ ಉದಾಹರಣೆ ಬೇಕೆಂದರೆ, ಅಮೆರಿಕದ ವಿಮಾನ ನಿಲ್ದಾಣಗಳ ತಪಾಸಣೆಯವರು ಪ್ರಯಾಣಿಕರ ಸೂಟ್‌ಕೇಸ್ ತೆರೆಯಲು ಬಳಸುವ ಮಾಸ್ಟರ್ ಕೀಗಳ ಫೋಟೋ 2014ರಲ್ಲಿ ಒಂದು ಪತ್ರಿಕೆಯ ವರದಿಯೊಂದಿಗೆ ಅಚ್ಚಾಯಿತು. ಮರುವರ್ಷ ಆ ಫೋಟೋದಿಂದಲೇ ಅಳತೆ ತೆಗೆದು, ತ್ರೀಡಿ ಪ್ರಿಂಟರಿನಲ್ಲಿ ಕೀ ಮಾಡಿ, ಬೀಗ ತೆರೆದು ತೋರಿಸಿದರು. ಕೀಲಿಕೈ ಕದಿಯಬೇಕಾಗಿಯೇ ಇರಲಿಲ್ಲ, ನೋಡಿದರೆ ಸಾಕಿತ್ತು.

ಈ ತೊಡಕಿಗೆ ನನಗೆ ತುಂಬ ಇಷ್ಟವಾದ ಉತ್ತರ ಹತ್ತೊಂಬತ್ತನೆಯ ಶತಮಾನದ್ದು. ಅಮೆರಿಕದ ಅಂಚೆಯವರು ರಿಜಿಸ್ಟರ್ಡ್ ಟಪಾಲಿಗೆ ಒಂದು ಎಣಿಸುವ ಬೀಗ ತಂದರು. ಬೀಗದ ಮುಖದಲ್ಲಿ ಪುಟ್ಟ ಕಿಂಡಿ, ಒಳಗೆ ಅಂಕಿ. ಪ್ರತಿ ಸಲ ತೆರೆದಾಗಲೂ ಅಂಕಿ ಒಂದು ಹೆಜ್ಜೆ ಮುಂದಕ್ಕೆ ಹೋಗುತ್ತದೆ. ಸೈಕಲ್ಲಿನ ಫ್ರೀವೀಲ್ ಒಂದು ಕಡೆಗೆ ಟಿಕ್ ಟಿಕ್ ಎಂದು ತಿರುಗಿ ಇನ್ನೊಂದು ಕಡೆಗೆ ಕಚ್ಚಿಕೊಳ್ಳುತ್ತದಲ್ಲ, ಆ ಜಾತಿಯ ಹಲ್ಲುಚಕ್ರವನ್ನು ಊಹಿಸಿಕೊಳ್ಳಿ. ಮುಚ್ಚಿದವನು ಕಿಂಡಿಯಲ್ಲಿ 417 ಕಂಡರೆ ಚೀಲದ ಜೊತೆಯ ಪಟ್ಟಿಯಲ್ಲಿ 417 ಎಂದು ಬರೆಯುತ್ತಾನೆ. ತೆಗೆದುಕೊಂಡವನು ತೆರೆಯುವ ಮುಂಚೆ ನೋಡುತ್ತಾನೆ. 418 ಇದ್ದರೆ ನಡುವೆ ಯಾರೋ ಒಮ್ಮೆ ತೆರೆದಿದ್ದಾರೆ. ಅವರ ಹತ್ತಿರ ಅಸಲಿ ಕೀ ಇತ್ತೆಂಬುದು ಈಗ ಅವರನ್ನು ಉಳಿಸುವುದಿಲ್ಲ. ಕೀ ಗುಟ್ಟಾಗಿರಬೇಕು ಎಂಬ ಹಟವನ್ನೇ ಬಿಟ್ಟು, ಕೀ ಹಾಕಿದ್ದು ಗೊತ್ತಾಗಬೇಕು ಎನ್ನುವ ಕಡೆಗೆ ಯೋಚನೆ ಹೊರಳಿದ್ದು ನೋಡಿ. ಇವತ್ತು ಬ್ಯಾಟರಿ, ಚಿಪ್ ಇರುವ ಎಲೆಕ್ಟ್ರಾನಿಕ್ ಬೀಗಗಳು ಯಾವ ಹೊತ್ತಿಗೆ ತೆರೆಯಿತು ಎಂದು ದಾಖಲಿಸುತ್ತವೆ. ಹೆಚ್ಚಿನ ವಿವರ ಸಿಗುತ್ತದೆ ನಿಜ, ಮೂಲ ಯೋಚನೆ ಆ ಹಿತ್ತಾಳೆ ಕಿಂಡಿಯದೇ. ಬ್ಯಾಟರಿ ಸತ್ತ ದಿನ ಹಿತ್ತಾಳೆಯದೇ ವಾಸಿ.

ಈಗ ಹೊಸ ಚೀಲಕ್ಕೆ ಬರೋಣ. ಗಿಡಿಯನ್ ಸುಂಡ್‌ಬ್ಯಾಕ್ 1917ರಲ್ಲಿ ಪೇಟೆಂಟ್ ಪಡೆದ ಜಿಪ್ಪಿಗೂ ಇದಕ್ಕೂ ತತ್ವದಲ್ಲಿ ವ್ಯತ್ಯಾಸವಿಲ್ಲ. ಎರಡು ಸಾಲು ಹಲ್ಲು, ಅವನ್ನು ಕೂಡಿಸುತ್ತ ಬಿಡಿಸುತ್ತ ಓಡಾಡುವ ರನ್ನರ್. ಮೊದಲು ಈ ಮಾಮೂಲಿ ಬ್ಯಾಗನ್ನು ನೋಡಿ. ಎರಡು ರನ್ನರ್ ಇವೆ, ಎರಡರ ಕಿವಿಯನ್ನೂ ಸೇರಿಸಿ ಬೀಗ ಹಾಕಿದ್ದೇನೆ. ನನ್ನ ಕೈಯಲ್ಲಿ ಇರುವುದು ಬರೆಯುವ ಬಾಲ್‌ಪೆನ್. ಜಿಪ್ಪಿನ ಮಧ್ಯಕ್ಕೆ ಮೊನೆ ಇಟ್ಟು ಒತ್ತುತ್ತೇನೆ. ಹಾಂ, ಬಿಟ್ಟುಕೊಂಡಿತು. ಪೆನ್ನನ್ನು ಹೀಗೆ ಎಳೆದರೆ ಬಾಯಿ ಪೂರ್ತಿ ತೆರೆಯಿತು. ಬೀಗ ಹಾಗೇ ಇದೆ. ಒಳಗಿನ ಕಾಗದ ತೆಗೆದೆ. ಈಗ ಬೀಗ ಸಮೇತ ಎರಡೂ ರನ್ನರನ್ನು ಈ ತುದಿಯಿಂದ ಆ ತುದಿಗೆ ಒಮ್ಮೆ ಎಳೆಯುತ್ತೇನೆ. ಹಲ್ಲುಗಳು ಮತ್ತೆ ಕೂಡಿದವು. ಯಾರಿಗಾದರೂ ಗುರುತು ಕಾಣುತ್ತಿದೆಯೇ?

ಇಲ್ಲಿ ಸೋತದ್ದು ಬೀಗ ಅಲ್ಲ. ರನ್ನರ್ ಓಡಾಡಲು ಬಿಟ್ಟದ್ದೇ ತಪ್ಪು. ಅದಕ್ಕೇ ಈ ಗೂಡು. ಭದ್ರ ಚೀಲದಲ್ಲಿ ಒಂದೇ ರನ್ನರ್, ಅದು ತುದಿಗೆ ಬಂದು ಗೂಡಿನೊಳಗೆ ಕೂರುತ್ತದೆ, ಗೂಡು ಚೀಲಕ್ಕೆ ಒಳಗಿನಿಂದ ರಿವೆಟ್ ಆಗಿದೆ. ಈಗ ಪೆನ್ನಿನಿಂದ ಹಲ್ಲು ಬಿಡಿಸಿದರೂ ಮತ್ತೆ ಕೂಡಿಸಲು ರನ್ನರ್ ಸಿಗುವುದಿಲ್ಲ. ಬಾಯಿ ತೆರೆದೇ ಇರುತ್ತದೆ. ಸುರುಳಿ ನೈಲಾನಿಗಿಂತ ಒಂದೊಂದೇ ಹಲ್ಲು ಎರಕ ಹೊಯ್ದ ದಪ್ಪ ಜಿಪ್ ಹಾಕಿದರೆ ಪೆನ್ನಿಗೂ ಕಷ್ಟ.

ರನ್ನರನ್ನು ಗೂಡಿನಲ್ಲಿ ಹಿಡಿದಿಡುವುದು ಈ ಪುಟ್ಟ ಸೀಲ್, ನನ್ನ ಕಿರುಬೆರಳ ಉಗುರಿನಷ್ಟು. ಬಾಣದ ಆಕಾರ, ಎರಡೂ ಕಡೆಗೆ ಗಾಳದ ಮುಳ್ಳಿನಂತೆ ಹಿಂದಕ್ಕೆ ಬಾಗಿದ ಕೊಕ್ಕೆ. ಒತ್ತಿದರೆ ಕೊಕ್ಕೆ ಮುದುಡಿ ಒಳಗೆ ಹೋಗುತ್ತದೆ, ಒಳಗೆ ಅರಳಿಕೊಳ್ಳುತ್ತದೆ. ಕಿವಿಗೊಟ್ಟು ಕೇಳಿ, ಟಕ್. ಇನ್ನು ಹಿಂದಕ್ಕೆ ಬರುವುದಿಲ್ಲ. ತೆಗೆಯಬೇಕೆಂದರೆ ಕತ್ತಿನ ಹತ್ತಿರ ಮುರಿಯಬೇಕು. ಮೇಲೆ ಅಂಕಿ ಇದೆ, ಆ ಅಂಕಿಯ ಸೀಲ್ ಮತ್ತೊಂದಿಲ್ಲ. ಕೀಲಿಕೈಯೂ ಇಲ್ಲ, ಕಳೆದುಹೋಗುವ ಭಯವೂ ಇಲ್ಲ.

ಕತ್ತು ಎಷ್ಟು ದಪ್ಪ ಇರಬೇಕು ಎನ್ನುವಲ್ಲಿ ನಕ್ಷೆ ಮಾಡುವವನ ನಿದ್ದೆ ಹಾಳಾಗುತ್ತದೆ. ದಪ್ಪವಾದರೆ ಸಿಬ್ಬಂದಿ ಹಲ್ಲಿನಿಂದ ಕಚ್ಚುತ್ತಾರೆ, ಸ್ಕ್ರೂ ಡ್ರೈವರ್ ತೂರಿಸಿ ಗೂಡನ್ನೇ ಒಡೆಯುತ್ತಾರೆ. ತೆಳ್ಳಗಾದರೆ ಚೀಲ ಬೆಲ್ಟಿನಿಂದ ಬಿದ್ದಾಗ ತಾನೇ ಮುರಿಯುತ್ತದೆ. ಸಾಮಾನ್ಯ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ಸೊನ್ನೆ ಡಿಗ್ರಿ ಚಳಿಯ ಆಸುಪಾಸಿನಲ್ಲೇ ಪೆಡಸಾಗುತ್ತದೆ. ಬೇಸಿಗೆಯಲ್ಲಿ ಪರೀಕ್ಷೆ ಪಾಸಾದ ಸೀಲ್ ಹಿಮದ ರಾತ್ರಿ ಕಡಲೆಯಂತೆ ಸಿಡಿಯುತ್ತದೆ. ತಾನಾಗಿ ಮುರಿಯುವ ಸೀಲು, ನನ್ನ ಪ್ರಕಾರ, ಇಲ್ಲದ ಸೀಲಿಗಿಂತ ಕೆಟ್ಟದ್ದು. ವಾರಕ್ಕೆ ನಾಲ್ಕು ಸಲ ಸುಮ್ಮಸುಮ್ಮನೆ ಮುರಿದದ್ದನ್ನು ನೋಡಿದ ಗುಮಾಸ್ತ ಐದನೆಯದನ್ನು ವರದಿ ಮಾಡುವುದಿಲ್ಲ. ಕಳ್ಳನಿಗೆ ಬೇಕಾದದ್ದೂ ಆ ಐದನೆಯದೇ.

ಇದನ್ನು ಮೋಸಗೊಳಿಸಲು ಬರುವುದಿಲ್ಲ ಎಂದೇನೂ ನಾನು ಹೇಳುತ್ತಿಲ್ಲ. ಕೊಕ್ಕೆಗೂ ಗೋಡೆಗೂ ನಡುವೆ ತೆಳು ತಗಡು ತೂರಿಸಿ ಕೊಕ್ಕೆಯನ್ನು ಮತ್ತೆ ಮುದುಡಿಸಲು ನೋಡುತ್ತಾರೆ. ಗೂಡಿನ ಬಾಯಿ ಸೀಲಿನ ಅಳತೆಗೆ ಸರಿಯಾಗಿದ್ದರೆ ತಗಡಿಗೆ ಜಾಗವಿರುವುದಿಲ್ಲ. ಗೂಡನ್ನು ಬಿಟ್ಟು ಜಿಪ್ಪಿನ ಪಟ್ಟಿಯ ಹೊಲಿಗೆಯನ್ನೇ ಬಿಚ್ಚಿ ಮತ್ತೆ ಹೊಲಿಯುವ ಜಾಣರೂ ಇದ್ದಾರೆ. ಹೊಲಿಗೆಯನ್ನು ಒಳಮಡಿಕೆಗೆ ಒಯ್ಯುವುದು ಅದಕ್ಕೆ ಮದ್ದು. ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ರೋಜರ್ ಜಾನ್‌ಸ್ಟನ್ ಅವರ ತಂಡ ಇನ್ನೂರಕ್ಕೂ ಹೆಚ್ಚು ಬಗೆಯ ಸೀಲ್‌ಗಳನ್ನು ಹಿಡಿದು ಕೂತು, ಹೆಚ್ಚಿನವನ್ನು ಸಾಮಾನ್ಯ ಸಲಕರಣೆಗಳಿಂದಲೇ ಬೇಗ ಬೇಗ ಮಣಿಸಿತು. ಅವರು ಒತ್ತಿ ಹೇಳುತ್ತಿದ್ದ ಮಾತು, ಸೀಲ್ ಎಷ್ಟು ಒಳ್ಳೆಯದೆನ್ನುವುದು ಅದನ್ನು ಪರಿಶೀಲಿಸುವವನ ಮೇಲೆ ನಿಂತಿದೆ ಎಂಬುದು.

ಪರಿಶೀಲಿಸುವವನು ಯಾರು? ರಾತ್ರಿ ಎರಡು ಗಂಟೆಗೆ ಲಾರಿಯ ಹಿಂಬದಿಯಲ್ಲಿ ನಿಂತವನು. ಅಂತರರಾಷ್ಟ್ರೀಯ ಅಂಚೆಯಲ್ಲಿ ಒಂದು ಚೀಲ 30 ಕಿಲೋವರೆಗೆ ತೂಗಬಹುದು. ಅದರ ಚೀಟಿಯ ಗುರುತಿನಲ್ಲೇ 29 ಅಕ್ಷರ-ಅಂಕಿಗಳಿರುತ್ತವೆ. ಅದನ್ನು ಸ್ಕ್ಯಾನರ್ ಓದುತ್ತದೆ ಎನ್ನೋಣ. ಸೀಲಿನ ಅಂಕಿಯನ್ನು ಬಹಳ ಕಡೆ ಕಣ್ಣೇ ಓದಬೇಕು. ಹಾಗಾಗಿ ನಾನು ಕೇಳಿಕೊಳ್ಳುವುದು ಇಷ್ಟೇ: ಅಂಕಿ ದೊಡ್ಡದಿರಲಿ, ಗೂಡಿನ ಮುಚ್ಚಳ ಪಾರದರ್ಶಕವಿರಲಿ, ಚೀಲ ಹೇಗೆ ಬಿದ್ದಿದ್ದರೂ ಸೀಲ್ ಮೇಲಕ್ಕೆ ಕಾಣುವಂತಿರಲಿ. ಬಾಗಿ ಹುಡುಕಬೇಕಾದ ಸೀಲನ್ನು ಯಾರೂ ಹುಡುಕುವುದಿಲ್ಲ.

ಒಂದು ಮಾತು ಪಕ್ಕಕ್ಕೆ. ಬೀಗವೇ ಬೇಡದ ಚೀಲವೂ ಒಂದಿದೆ, ರಾಯಭಾರ ಕಚೇರಿಯ ಚೀಲ. 1961ರ ವಿಯೆನ್ನಾ ಒಪ್ಪಂದದ 27ನೇ ವಿಧಿ ಅದನ್ನು ತೆರೆಯಬಾರದು, ತಡೆಯಬಾರದು ಎನ್ನುತ್ತದೆ. ಅದರ ಷರತ್ತುಗಳಲ್ಲಿ ಒಂದು, ಹೊರಗೆ ಗುರುತು ಕಾಣಬೇಕು. 1984ರಲ್ಲಿ ಲಂಡನ್ ಹತ್ತಿರದ ಸ್ಟಾನ್‌ಸ್ಟೆಡ್ ವಿಮಾನ ನಿಲ್ದಾಣದಲ್ಲಿ ನೈಜೀರಿಯಾದ ಮಾಜಿ ಮಂತ್ರಿ ಉಮರು ಡಿಕ್ಕೊ ಅವರನ್ನು ಮದ್ದು ಕೊಟ್ಟು ಮರದ ಪೆಟ್ಟಿಗೆಯಲ್ಲಿ ಸಾಗಿಸುತ್ತಿದ್ದಾಗ ಪೆಟ್ಟಿಗೆಯ ಮೇಲೆ ಆ ಗುರುತು ಸರಿಯಾಗಿ ಇರಲಿಲ್ಲ. ಕಸ್ಟಮ್ಸ್‌ನವರು ತೆರೆದರು, ಡಿಕ್ಕೊ ಬದುಕಿಕೊಂಡರು. ಚೀಟಿ ಅಂಟಿಸುವ ಕೆಲಸವನ್ನು ಹಗುರ ಎಂದುಕೊಳ್ಳುವವರಿಗೆ ನಾನು ಇದನ್ನು ಹೇಳುತ್ತಿರುತ್ತೇನೆ.

ಕೊನೆಗೆ ತೆರೆಯುವ ರೀತಿ. ಹುರಿಯ ಚೀಲವಾದರೆ ಒಂದೇ ಕಡೆ ಕತ್ತರಿಸಬೇಕು. ಆಗ ಹುರಿ, ಸೀಸ, ಚೀಟಿ ಮೂರೂ ಒಟ್ಟಿಗೆ ಉಳಿಯುತ್ತವೆ. ಲೆಕ್ಕ ತಪ್ಪಿದರೆ ಸಾಕ್ಷಿ ಅವೇ. ಪ್ಲಾಸ್ಟಿಕ್ ಸೀಲ್ ಮುರಿದರೆ ತುಂಡುಗಳನ್ನು ಬುಟ್ಟಿಗೆ ಎಸೆಯುವ ಮುಂಚೆ ಒಳಗಿನದನ್ನೆಲ್ಲ ಪಟ್ಟಿಯೊಂದಿಗೆ ಸರಿ ನೋಡಿಕೊಳ್ಳಬೇಕು, ಖಾಲಿ ಚೀಲವನ್ನು ಒಳಹೊರಗು ತಿರುಗಿಸಿ ಕೊಡವಬೇಕು. ಕಾಣೆಯಾಗಿದೆ ಎಂದು ದೂರು ಬಂದ ಎಷ್ಟೋ ಲಕೋಟೆಗಳು ಸಿಕ್ಕಿರುವುದು ಚೀಲದ ಮೂಲೆಯ ಮಡಿಕೆಯಲ್ಲಿ.

ಈ ತಟ್ಟೆಯಲ್ಲಿ ಐದು ಸೀಲ್‌ಗಳಿವೆ. ನಾಲ್ಕು ಹೊಸವು. ಒಂದನ್ನು ನಾನು ನಿನ್ನೆ ಮುರಿದು, ಅಂಟು ಹಾಕಿ, ಉಜ್ಜಿ ಕೂಡಿಸಿದ್ದೇನೆ. ಭೂತಗನ್ನಡಿ ಪಕ್ಕದಲ್ಲೇ ಇದೆ. ಬನ್ನಿ, ಹುಡುಕಿ. ಕತ್ತಿನ ಹತ್ತಿರ ನೋಡಿ.