ಕೂಸಿನ ಹೊಟ್ಟೆನೋವಿಗೆ ಮನೆಯ ಆರೈಕೆ

ಕೇಳುಗರಿಗೆ ನಮಸ್ಕಾರ.

ಹಗಲೆಲ್ಲ ಚೆನ್ನಾಗಿಯೇ ಇದ್ದ ಕೂಸು ಸಂಜೆಯಾಗುತ್ತಲೇ ಮುಖ ಕೆಂಪಾಗಿಸಿ, ಮುಷ್ಟಿ ಬಿಗಿದು, ಕಾಲುಗಳನ್ನು ಹೊಟ್ಟೆಗೆ ಎಳೆದುಕೊಂಡು ಕಿರುಚತೊಡಗುತ್ತದೆ. ಎತ್ತಿಕೊಂಡರೂ ನಿಲ್ಲದು, ಹಾಲು ಕೊಟ್ಟರೂ ನಿಲ್ಲದು. ವೈದ್ಯರು ಇದನ್ನು ಕಾಲಿಕ್ ಎನ್ನುತ್ತಾರೆ. ಹುಟ್ಟಿದ 2–3 ವಾರಕ್ಕೆ ಶುರುವಾಗಿ, 6ನೇ ವಾರದ ಹೊತ್ತಿಗೆ ಜೋರಾಗಿ, 3–4 ತಿಂಗಳಿಗೆ ತಾನಾಗಿಯೇ ಇಳಿಯುತ್ತದೆ. ಕೂಸು ಹಾಲು ಕುಡಿಯುತ್ತಿದ್ದರೆ, ತೂಕ ಏರುತ್ತಿದ್ದರೆ ಗಾಬರಿ ಬೇಡ. ಹೊಟ್ಟೆಯಲ್ಲಿ ಗಾಳಿ ತುಂಬಿದ್ದರಿಂದಲೇ ಅಳುತ್ತಿದೆ ಎಂದು ನಾವು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಅತ್ತು ಅತ್ತು ಗಾಳಿ ನುಂಗಿದ್ದರಿಂದ ಹೊಟ್ಟೆ ಉಬ್ಬಿರುತ್ತದೆ.

ಅಳು ಶುರುವಾದಾಗ ಮೊದಲು ಬಟ್ಟೆ ಬಿಚ್ಚಿ ಮೈಯೆಲ್ಲ ನೋಡಿ. ಕಾಲ್ಬೆರಳಿಗೆ ಒಂದೇ ಒಂದು ತಲೆಗೂದಲು ಬಿಗಿಯಾಗಿ ಸುತ್ತಿಕೊಂಡು ಬೆರಳು ಊದಿರಬಹುದು. ತೊಡೆಸಂದಿಯಲ್ಲಿ ಗಟ್ಟಿ ಗಂಟು ಕಂಡರೆ ಅದು ಹರ್ನಿಯಾ, ಅಂದರೆ ಹೊರಕ್ಕೆ ಚಾಚಿಕೊಂಡ ಕರುಳು, ಇರಬಹುದು, ಆಗ ಮನೆಮದ್ದಿಗೆ ಸಮಯವಿಲ್ಲ, ಆಸ್ಪತ್ರೆಗೆ ಹೊರಡಿ.

ಅಂಥದ್ದೇನೂ ಇಲ್ಲದಿದ್ದರೆ ಕೈಯ ಆರೈಕೆ. ಕೂಸನ್ನು ಮುಂದೋಳಿನ ಮೇಲೆ ಬೋರಲು ಮಲಗಿಸಿ, ತಲೆ ನಿಮ್ಮ ಮೊಣಕೈ ಬಳಿ ಇರಲಿ, ಅಂಗೈ ಅದರ ತೊಡೆಗಳ ನಡುವೆ ಬರಲಿ. ಇನ್ನೊಂದು ಕೈ ಬೆನ್ನಿನ ಮೇಲಿಟ್ಟು ನಿಧಾನ ಓಡಾಡಿ. ಅಲ್ಲೇ ನಿದ್ದೆ ಬಂದರೆ ಹಾಸಿಗೆಯಲ್ಲಿ ಅಂಗಾತವೇ ಮಲಗಿಸಬೇಕು, ಬೋರಲು ಕೂಡದು.

ಹೊಟ್ಟೆ ನೀವುವುದು ಹಾಲು ಕುಡಿದ ಅರ್ಧ ಗಂಟೆಯ ಮೇಲೆ, ಅಳು ತಾರಕಕ್ಕೇರುವ ಮುನ್ನ. ಅಂಗೈ ಬೆಚ್ಚಗಿರಲಿ, ಎರಡು ಹನಿ ಎಣ್ಣೆ ಸಾಕು. ಕೂಸಿನ ಬಲ ಕೆಳಹೊಟ್ಟೆಯಿಂದ ಮೇಲಕ್ಕೆ, ಹೊಕ್ಕುಳ ಮೇಲಿಂದ ಅಡ್ಡಕ್ಕೆ, ಎಡಗಡೆ ಕೆಳಕ್ಕೆ, ಗಡಿಯಾರದ ಮುಳ್ಳು ಸುತ್ತುವಂತೆ ನೀವಿ. ದೊಡ್ಡ ಕರುಳು ಸಾಗುವ ದಾರಿಯೇ ಅದು. ಆಮೇಲೆ ಎರಡೂ ಮೊಣಕಾಲುಗಳನ್ನು ಮೆಲ್ಲಗೆ ಹೊಟ್ಟೆಗೆ ಒತ್ತಿ, ಐದು ಎಣಿಸಿ ಬಿಡಿ. ಐದಾರು ಸಲ ಸಾಕು. ಹೊಟ್ಟೆ ಬಿಗಿಹಿಡಿದು ಅಳು ಹೆಚ್ಚಿದರೆ ನಿಲ್ಲಿಸಿಬಿಡಿ. ಹೊಕ್ಕುಳಬಳ್ಳಿ ಉದುರುವವರೆಗೆ ಅದರ ಸುತ್ತ ನೀವಬಾರದು.

ಬಹುಪಾಲು ತಪ್ಪು ಆಗುವುದು ಹಾಲು ಕುಡಿಸುವಾಗ. ಮೊಲೆತೊಟ್ಟಿನ ತುದಿ ಮಾತ್ರ ಬಾಯಿಗೆ ಸಿಕ್ಕರೆ ಹಾಲಿಗಿಂತ ಗಾಳಿಯೇ ಹೆಚ್ಚು ಹೋಗುತ್ತದೆ. ಸುತ್ತಲಿನ ಕಪ್ಪು ಭಾಗವೂ ಬಾಯೊಳಗಿರಬೇಕು. ಒಂದು ಕಡೆ ಪೂರ್ತಿ ಕುಡಿದ ಮೇಲೆ ಇನ್ನೊಂದು ಕಡೆ. ಬಾಟಲಿಯಾದರೆ ನಿಪ್ಪಲಿನ ತುಂಬ ಹಾಲು ನಿಲ್ಲುವಂತೆ ಓರೆ ಹಿಡಿಯಿರಿ. ತಲೆಕೆಳಗು ಮಾಡಿದಾಗ ಹಾಲು ಹನಿಹನಿಯಾಗಿ ಬೀಳಬೇಕು, ಧಾರೆಯಾಗಿ ಸುರಿದರೆ ರಂಧ್ರ ದೊಡ್ಡದು. ಪುಡಿ ಹಾಲನ್ನು ಜೋರಾಗಿ ಅಲುಗಾಡಿಸಿ ಕಲಸಿದರೆ ನೊರೆ ಏಳುತ್ತದೆ, ನೊರೆ ಇಳಿಯಲು ಬಿಡಿ. ಪ್ರತಿ 60–90 ಮಿ.ಲೀ.ಗೆ ಒಮ್ಮೆ ಹೆಗಲಿಗೆ ಹಾಕಿಕೊಂಡು ತೇಗು ಬರಿಸಿ. ಎರಡು ಮೂರು ನಿಮಿಷ ತಟ್ಟಿಯೂ ಬಾರದಿದ್ದರೆ ಬಿಟ್ಟುಬಿಡಿ. ತೇಗಿಗಾಗಿ ಕಾಲು ಗಂಟೆ ಬೆನ್ನು ಬಡಿಯುವುದು ಕೂಸಿಗೆ ಶಿಕ್ಷೆ.

ಇನ್ನು ಬಾಯಿಗೆ ಹಾಕುವ ಮದ್ದು. 6 ತಿಂಗಳೊಳಗಿನ ಕೂಸಿಗೆ ಕಷಾಯ, ಸಕ್ಕರೆ ನೀರು, ಬರಿ ನೀರು ಯಾವುದೂ ಬೇಡ: ಹೊಟ್ಟೆ ನೀರಿನಿಂದ ತುಂಬಿ ಹಾಲು ಕಡಿಮೆಯಾಗುತ್ತದೆ. ಜೇನುತುಪ್ಪವನ್ನು ಒಂದು ವರ್ಷದವರೆಗೆ ನೆಕ್ಕಿಸಲೂ ಬಾರದು. ಅದರಲ್ಲಿರಬಹುದಾದ ಬೊಟುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಎಳೆಯ ಕರುಳಿನಲ್ಲಿ ಬೆಳೆದು, ಅವುಗಳ ವಿಷ ಸ್ನಾಯುಗಳನ್ನು ಸೋಲಿಸುತ್ತದೆ. ಇಂಗ್ಲೆಂಡಿನಲ್ಲಿ 1851ರಲ್ಲಿ ಬಂದ ಗ್ರೈಪ್ ವಾಟರಿನ ಹಳೆಯ ಪಾಕದಲ್ಲಿ ಮದ್ಯಸಾರವಿತ್ತು. ಕೂಸು ತೆಪ್ಪಗಾದದ್ದರಲ್ಲಿ ಅದರ ಪಾಲೆಷ್ಟೋ! ಈಗಿನವುಗಳಲ್ಲಿ ಅದಿಲ್ಲದಿದ್ದರೂ ಅಳು ನಿಲ್ಲಿಸುತ್ತವೆ ಎನ್ನಲು ಗಟ್ಟಿ ಆಧಾರವಿಲ್ಲ.

ಏನು ಮಾಡಿದರೂ ನಿಲ್ಲದೆ ನಿಮ್ಮ ತಾಳ್ಮೆ ತಪ್ಪುತ್ತಿದೆ ಅನ್ನಿಸಿದರೆ ಕೂಸನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ ಐದು ನಿಮಿಷ ಆಚೆ ಹೋಗಿ. ಎತ್ತಿ ಕುಲುಕಿಸಿದರೆ ಮೆದುಳಿನಲ್ಲಿ ರಕ್ತಸ್ರಾವವಾಗಬಹುದು.

ಮೂರು ನಾಲ್ಕು ವರ್ಷ ದಾಟಿದ ಮಕ್ಕಳಲ್ಲಿ ಹೊಕ್ಕುಳ ಸುತ್ತ ಬಂದು ಹೋಗುವ ನೋವಿಗೆ ಸಾಮಾನ್ಯ ಕಾರಣ ಮಲಬದ್ಧತೆ. ದಿನಾ ಊಟವಾದ ಕಾಲು ಗಂಟೆಗೆ, ಕಾಲಡಿಗೆ ಮಣೆಯಿಟ್ಟು ಐದರಿಂದ ಹತ್ತು ನಿಮಿಷ ಕಮೋಡಿನ ಮೇಲೆ ಕೂರಿಸಿ. ಹೊಟ್ಟೆ ತುಂಬಿದಾಗ ಕರುಳು ತಾನೇ ಚುರುಕಾಗುತ್ತದೆ. ನೀರು, ಹಣ್ಣು, ತರಕಾರಿ ಹೆಚ್ಚಿಸಿ. ಭೇದಿಮದ್ದು ನೀವೇ ಕೊಡಬೇಡಿ.

ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ ಜ್ವರ, ಹಸಿರು ವಾಂತಿ, ಮಲದಲ್ಲಿ ರಕ್ತ, ಗಟ್ಟಿಯಾಗಿ ಉಬ್ಬಿದ ಹೊಟ್ಟೆ, ಹಾಲು ಬಿಟ್ಟು ಮಂಕಾಗುವುದು, ಇವುಗಳಲ್ಲಿ ಒಂದು ಕಂಡರೂ ತಡಮಾಡಬೇಡಿ. ದೊಡ್ಡ ಮಕ್ಕಳಲ್ಲಿ ನೋವು ಹೊಕ್ಕುಳಿಂದ ಬಲ ಕೆಳಹೊಟ್ಟೆಗೆ ಸರಿದು, ನಡೆದರೆ ಹೆಚ್ಚಾಗುತ್ತಿದ್ದರೆ ಅದು ಅಪೆಂಡಿಕ್ಸ್ (ದೊಡ್ಡ ಕರುಳಿಗೆ ಅಂಟಿದ ಪುಟ್ಟ ಬಾಲ) ಊದಿಕೊಂಡದ್ದಿರಬಹುದು. ಹುಡುಗರು ಕೆಳಹೊಟ್ಟೆ ನೋವು ಎಂದರೆ ವೃಷಣವನ್ನೂ ನೋಡಿ. ಅದು ತಿರುಚಿಕೊಂಡಿದ್ದರೆ ಉಳಿಸಲು ಸುಮಾರು 6 ಗಂಟೆ ಮಾತ್ರ. ಆಸ್ಪತ್ರೆಗೆ ಹೊರಟ ಮೇಲೆ ಶಸ್ತ್ರಚಿಕಿತ್ಸೆ ಬೇಕಾಗಬಹುದು, ಆದ್ದರಿಂದ ತಿನ್ನಲು ಏನೂ ಕೊಡಬೇಡಿ. ಕೊನೆಯ ಸಲ ಏನು, ಎಷ್ಟು ಹೊತ್ತಿಗೆ ತಿಂದಿತ್ತು ಎಂಬುದನ್ನು ನೆನಪಿಟ್ಟುಕೊಂಡು ವೈದ್ಯರಿಗೆ ಹೇಳಿ.

ನಮಸ್ಕಾರ.