ಓಬವ್ವನ ಕಿಂಡಿ ಮುಂದೆ ನೆಡ್ ಸ್ಟಾರ್ಕ್ ಪಂಚಾಯ್ತಿ

ಬೆಳಗ್ಗೆ ಏಳೂವರೆ, ದಾವಣಗೆರೆ. ಕ್ಯಾಮೆರಾ ಅಲ್ಲಾಡುತ್ತಿದೆ, ಕ್ಷಮಿಸಿ. ಇನ್ನೊಂದು ಕೈಯಲ್ಲಿ ಬೆಣ್ಣೆ ದೋಸೆ ಇದೆ. ಅದನ್ನು ಕೆಳಗಿಟ್ಟು ವಿಡಿಯೋ ಮಾಡುವಷ್ಟು ದೊಡ್ಡ ಮನಸ್ಸು ನನಗಿಲ್ಲ.

ಇವತ್ತು ಅಮ್ಮ, ತಮ್ಮ, ನಾನು ಚಿತ್ರದುರ್ಗದ ಕೋಟೆಗೆ ಹೊರಟಿದ್ದೇವೆ. ಸುಮ್ನೆ ಕೋಟೆ ತೋರಿಸೋಣ ಅಂತ ಇತ್ತು. ಆದರೆ ಎರಡನೇ ದೋಸೆ ಬರುವಷ್ಟರಲ್ಲಿ ತಮ್ಮ ಶುರು ಮಾಡಿದ. "ಅಕ್ಕಾ, ನೆಡ್ ಸ್ಟಾರ್ಕ್‌ನಂಥ ದಡ್ಡ ಇನ್ನೊಬ್ಬ ಇಲ್ಲ."

ಈ ನೆಡ್ ಇರುವ 'ಗೇಮ್ ಆಫ್ ಥ್ರೋನ್ಸ್' ಇಂಗ್ಲಿಷ್ ಸರಣಿ ಶುರುವಾದದ್ದು 2011ರಲ್ಲಿ. 8 ಸೀಸನ್, 73 ಎಪಿಸೋಡ್, 2019ಕ್ಕೆ ಮುಗಿಯಿತು. ಊರೆಲ್ಲ ನೋಡಿ ಮರೆತ ಮೇಲೆ ಇವನು ಹೋದ ತಿಂಗಳು ಹಿಡಿದಿದ್ದಾನೆ. ನೀವೂ ಇನ್ನೂ ನೋಡಿಲ್ಲ ಅಂದ್ರೆ ಇಲ್ಲೇ ನಿಲ್ಲಿಸಿ, ದೋಸೆ ತಿನ್ನಲು ಹೋಗಿ. ಮುಂದೆ ಎಲ್ಲ ಗುಟ್ಟೂ ಹೊರಗೆ ಬರುತ್ತದೆ.

ನೆಡ್ ಉತ್ತರದ ಒಬ್ಬ ದೊರೆ, ರಾಜ ರಾಬರ್ಟ್‌ನ ಮಂತ್ರಿಯಾಗಿ ರಾಜಧಾನಿಗೆ ಬಂದವನು. ತಮ್ಮನ ಸಿಟ್ಟು ಏನು ಅಂದ್ರೆ, ರಾಣಿ ಸರ್ಸಿಯ ಮೂರೂ ಮಕ್ಕಳು ರಾಜ ರಾಬರ್ಟ್‌ನವಲ್ಲ, ಅವಳ ಅವಳಿ ಸಹೋದರ ಜೇಮಿಯವು ಅಂತ ನೆಡ್‌ಗೆ ಗೊತ್ತಾಗುತ್ತದೆ. ರಾಜ ಬೇಟೆಗೆ ಹೋಗಿದ್ದಾನೆ. ಬಾಯಿ ಮುಚ್ಚಿಕೊಂಡು ಅವನು ಬರುವವರೆಗೆ ಕಾಯಬೇಕು ತಾನೇ? ಇವನು ನೇರ ಸರ್ಸಿ ಹತ್ತಿರ ಹೋಗಿ, ನಿನ್ನ ಗುಟ್ಟು ನನಗೆ ಗೊತ್ತು, ರಾಜ ಬಂದ ಕೂಡಲೇ ಹೇಳುತ್ತೇನೆ, ಅಷ್ಟರೊಳಗೆ ಮಕ್ಕಳನ್ನು ಕರೆದುಕೊಂಡು ಹೊರಟುಹೋಗು ಅನ್ನುತ್ತಾನೆ. ಆಮೇಲೆ ಏನಾಯಿತು? ರಾಜ ಹಂದಿಯ ಕೋರೆಗೆ ಸಿಕ್ಕಿ ಸತ್ತ. ಸರ್ಸಿಯ ಹಿರಿಮಗ ಜಾಫ್ರಿ ರಾಜನಾಗಿ, ಮೊದಲ ಸೀಸನ್ನಿನ ಒಂಬತ್ತನೇ ಎಪಿಸೋಡಿಗೆ ನೆಡ್‌ನ ತಲೆ ತೆಗೆಸಿದ.

ಈಗ ನೀವು ನೋಡುತ್ತಿರುವುದು ಬಸ್ಸಿನ ಕಿಟಕಿ. ದುರ್ಗ ಹತ್ತಿರ ಬಂತು ಅಂತ ಗುಡ್ಡದ ಮೇಲಿನ ಗಾಳಿಯಂತ್ರಗಳೇ ಹೇಳುತ್ತವೆ. ಅರವತ್ತು ಕಿಲೋಮೀಟರ್ ದಾರಿ ನನಗೆ ವಾದಕ್ಕೆ ಸಾಕಾಗಲಿಲ್ಲ.

ನೆಡ್ ಸತ್ತದ್ದು ಅವನ ಪ್ರಾಮಾಣಿಕತೆಯಿಂದ, ಹಟಮಾರಿ ಗೌರವದಿಂದ ಅಂತ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅವನು ಸುಳ್ಳು ಹೇಳದ ಮನುಷ್ಯನೇ ಅಲ್ಲ. ಸಾಯುವಾಗ ರಾಬರ್ಟ್ ಉಯಿಲಿನಲ್ಲಿ 'ನನ್ನ ಮಗ ಜಾಫ್ರಿ' ಅಂತ ಬರೆಸುತ್ತಾನೆ. ನೆಡ್ ಸದ್ದಿಲ್ಲದೆ 'ಹಕ್ಕಿನ ವಾರಸುದಾರ' ಅಂತ ಬರೆದುಕೊಳ್ಳುತ್ತಾನೆ. ಇದು ಪ್ರಾಮಾಣಿಕತೆನಾ? ಜಾನ್ ಸ್ನೋ ತನ್ನ ಮಗ ಅಂತ ವರ್ಷಗಟ್ಟಲೆ ಹೆಂಡತಿಗೇ ಸುಳ್ಳು ಹೇಳಿದ. ಜಾನ್ ಅವನ ತಂಗಿ ಲಿಯಾನಾಳ ಮಗ ಅಂತ ನಮಗೆ ಗೊತ್ತಾಗಿದ್ದು ಆರನೇ ಸೀಸನ್ನಿನ ಕೊನೆಗೆ. ಕೂಸಿನ ಅಪ್ಪ ರಾಬರ್ಟ್‌ನ ಶತ್ರು ವಂಶದವನು. ಗೊತ್ತಾದರೆ ರಾಬರ್ಟ್ ಆ ಕೂಸನ್ನು ಉಳಿಸುತ್ತಿರಲಿಲ್ಲ, ಅಷ್ಟೇ ಕಾರಣ.

ಅದೇ ಕಣ್ಣಲ್ಲಿ ಉಳಿದದ್ದನ್ನೂ ನೋಡಿ. ಅದೇ ಶತ್ರು ವಂಶದ ಬಸುರಿ ಡೆನೇರಿಸ್‌ಳನ್ನು ಕೊಲ್ಲಿಸೋಣ ಅಂತ ರಾಜ ಅಂದಾಗ ನೆಡ್ ಕೆಲಸವನ್ನೇ ಬಿಟ್ಟ. ರಾಜ ಸಾಯುವ ರಾತ್ರಿ, ಈಗಲೇ ಸರ್ಸಿಯ ಮಕ್ಕಳನ್ನು ಹಿಡಿದುಕೊಳ್ಳೋಣ ಅಂತ ರಾಜನ ತಮ್ಮ ರೆನ್ಲಿ ಬಂದ. ಮಲಗಿರುವ ಮಕ್ಕಳನ್ನು ಎಳೆದು ತರುವುದಿಲ್ಲ ಅಂದ ನೆಡ್. ಕೊನೆಗೆ ಜನರ ಮುಂದೆ ನಿಂತು ನಾನು ದ್ರೋಹಿ ಅಂತ ಒಪ್ಪಿಕೊಂಡ. ಅದೂ ಸುಳ್ಳೇ. ಮಗಳು ಸಾನ್ಸಾ ಉಳಿಯಲಿ ಅಂತ. ಇಷ್ಟರಲ್ಲೂ ಒಂದಲ್ಲ ಒಂದು ಮಗು ಇದೆ. ಮಗು ಎದುರಿಗಿದ್ದರೆ ಅವನಿಗೆ ಸತ್ಯ, ಸುಳ್ಳು ಎರಡೂ ಒಂದೇ.

ತಮ್ಮ ಸ್ವಲ್ಪ ಹೊತ್ತು ಸುಮ್ಮನಾದ. ಗೆದ್ದೆ ಅಂದುಕೊಂಡೆ.

ಏಳು ಸುತ್ತಿನ ಕೋಟೆ ಇದು. ದಾರಿ ನೆಟ್ಟಗಿಲ್ಲ, ಒಂದು ಬಾಗಿಲಲ್ಲಿ ನಿಂತರೆ ಮುಂದಿನ ಬಾಗಿಲು ಕಾಣುವುದಿಲ್ಲ. ಬಿಸಿಲು ಜಾಸ್ತಿ. ನೀರಿನ ಬಾಟಲಿ ಬಸ್ಸಲ್ಲೇ ಬಿಟ್ಟವರು ಯಾರು ಅಂತ ಇನ್ನೂ ತೀರ್ಮಾನ ಆಗಿಲ್ಲ.

ಇದು ಓಬವ್ವನ ಕಿಂಡಿ. ಕಥೆ ನಿಮಗೆ ಗೊತ್ತೇ ಇದೆ. ಕಾವಲುಗಾರ ಗಂಡ ಊಟಕ್ಕೆ ಕೂತಿದ್ದ. ನೀರಿಗೆ ಬಂದ ಓಬವ್ವ ಹೈದರಾಲಿಯ ಸೈನಿಕರು ಒಬ್ಬೊಬ್ಬರೇ ನುಸುಳುವುದನ್ನು ಕಂಡಳು, ಒನಕೆ ತಂದಳು. ಇಲ್ಲಿ ನಿಂತಾಗ ತಮ್ಮನ ಮುಖ ನೋಡಿ, ಹೊಳೆದುಬಿಟ್ಟಿದೆ ಅವನಿಗೆ.

"ಅಕ್ಕಾ, ಓಬವ್ವ ಒನಕೆ ಪಕ್ಕಕ್ಕಿಟ್ಟು, ಅಣ್ಣಂದಿರಾ, ನೀವು ಬರೋದು ನನಗೆ ಗೊತ್ತಾಯ್ತು, ಗಂಡ ಊಟ ಮುಗಿಸೋದರೊಳಗೆ ಓಡಿಹೋಗಿ ಅಂದಿದ್ರೆ?"

ಕ್ಯಾಮೆರಾ ಅಲ್ಲಾಡುತ್ತಿರುವುದು ನಾನು ನಗುತ್ತಿರುವುದಕ್ಕೆ. ಸುತ್ತ ನಿಂತವರೂ ನಕ್ಕರು. ಕಿಂಡಿಯಲ್ಲಿ ಬಂದವರು ಸೈನಿಕರು, ಏನೂ ಅರಿಯದ ಮಕ್ಕಳಲ್ಲ ಅಂದೆ. ಜಾಫ್ರಿ ಏನೂ ಅರಿಯದವನಾ ಅಂದ. ಅದಕ್ಕೆ ಉತ್ತರ ಇರಲಿಲ್ಲ.

ಅಮ್ಮ ಅಲ್ಲಿವರೆಗೂ ಬಂಡೆ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದಳು. ಒಂದು ಎಪಿಸೋಡನ್ನೂ ನೋಡಿದವಳಲ್ಲ, ನಮ್ಮ ಜಗಳದಲ್ಲೇ ಪೂರ್ತಿ ಕಥೆ ಕೇಳಿಸಿಕೊಂಡಿದ್ದಳು. "ಆ ನೆಡ್ ಜೊತೆ ಊರಿಂದ ಬಂದ ಆಳುಗಳು ಏನಾದರು?" ಅಂತ ಕೇಳಿದಳು.

ಸತ್ತರು ಅಂದೆ. ಎಲ್ಲರೂ. ಹೆಣ್ಣುಮಕ್ಕಳಿಗೆ ಹೊಲಿಗೆ ಹೇಳಿಕೊಡುತ್ತಿದ್ದ ಸೆಪ್ಟಾ ಮಾರ್ಡೇನ್ ಕೂಡ.

"ಅವರಿಗೂ ಮಕ್ಕಳಿದ್ದವೋ ಇಲ್ಲವೋ?"

ಈ ಜಾಗದಲ್ಲಿ ಎರಡು ನಿಮಿಷದ ಫೂಟೇಜ್ ಇದೆ, ಯಾರೂ ಮಾತಾಡುವುದಿಲ್ಲ. ಕತ್ತರಿಸಿದ್ದೇನೆ. ನೆಡ್ ಕಣ್ಣಿಗೆ ಬೀಳುತ್ತಿದ್ದದ್ದು ರಾಜರ ಮನೆಯ ಮಕ್ಕಳು ಮಾತ್ರ ಅಂತ ನನಗೆ ಒಂದು ಸಲವೂ ಅನ್ನಿಸಿರಲಿಲ್ಲ. ಸರಣಿಯೂ ಆ ಆಳುಗಳ ಮನೆಯನ್ನು ನಮಗೆ ತೋರಿಸುವುದಿಲ್ಲ, ಅಲ್ವಾ?

ಆದರೂ ನಾನು ನೆಡ್‌ನನ್ನು ಬಿಟ್ಟುಕೊಡುವುದಿಲ್ಲ. ಅಮ್ಮನ ಪ್ರಶ್ನೆಗೆ ಮಾತ್ರ ಎಡಿಟಿಂಗ್ ಮುಗಿಯುವವರೆಗೂ ಉತ್ತರ ಹುಡುಕಿದೆ, ಸಿಗಲಿಲ್ಲ.

ವಾಪಸ್ ಬಸ್ಸಿನ ಶಾಟ್ ಇದು. ಹಿಂದಿನ ಸೀಟಿನಲ್ಲಿ ಕೇಳುತ್ತಿರುವ ದನಿ ತಮ್ಮನದು. "ಅಮ್ಮಾ, ಪಾಪ, ಅವನಾದರೂ ಏನು ಮಾಡಬೇಕಿತ್ತು ಹೇಳು?" ಬೆಳಗ್ಗೆಯಿಂದ ಅವನನ್ನು ದಡ್ಡ ಅಂದವನು ಈಗ ಅವನ ಪರ ವಕೀಲ. ಅಮ್ಮ ನಿದ್ದೆ ಮಾಡಿದಂತೆ ನಟಿಸುತ್ತಿದ್ದಾಳೆ.